ರೈಲ್ವೆ ಸಾಹೇಬರ ವಂಶ ಹುಡುಕುವುದು ಹೇಗೆ?

ಮೊದಲು ಗೋರಿಕಲ್ಲು ಓದಿ. ನಮ್ಮ ಅಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅವರ ಇಂಗ್ಲಿಷ್ ಫೋರ್‌ಮನ್ನಿನ ಮೊಮ್ಮಗಳು ಬಂದಾಗ ನಾನೂ ಅವರ ಜೊತೆ ಸ್ಮಶಾನ ಸುತ್ತಿದೆ. ಅಕ್ಷರ ಸವೆದಿದ್ದವು. ಉಜ್ಜಬೇಡಿ, ಸುಣ್ಣವಂತೂ ಬೇಡವೇ ಬೇಡ. ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಡಿ. ಹಾಗೇ ನಮಗೆ ಒಂದು ಕೂಸಿನ ಗೋರಿಯ ಮೇಲೆ '1891' ಕಂಡಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆಮೇಲೆ ಚರ್ಚ್ ರಿಜಿಸ್ಟರ್. ಮದುವೆ ದಾಖಲೆಯೇ ಜಾಸ್ತಿ ಉಪಯೋಗ. ಅದರಲ್ಲಿ ಸಾಮಾನ್ಯವಾಗಿ ಅಪ್ಪಂದಿರ ಹೆಸರೂ ಇರುತ್ತದೆ, ಒಂದು ತಲೆಮಾರು ಹಿಂದೆ ಹೋದಂತೆ ಅಲ್ವಾ? ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಸುಮ್ನೆ ಮದ್ರಾಸ್ ಪಟ್ಟಿ ತಿರುವಬೇಡಿ, ಮುಂಬೈ ಪ್ರಾಂತ್ಯದ ಚರ್ಚ್ ದಾಖಲೆಗಳಿರುವ ಎನ್/3 ಸರಣಿ ನೋಡಿ. 1908ಕ್ಕಿಂತ ಹಿಂದಿನ ನೌಕರರನ್ನು ಸದರ್ನ್ ಮರಾಠಾ ರೈಲ್ವೆ ಹೆಸರಿನಲ್ಲಿ ಹುಡುಕಿ, ಆ ವರ್ಷ ಕಂಪನಿಯ ಹೆಸರು ಬದಲಾಯಿತು.