ಡಿಕ್ರಿ ಕೈಗೆ ಬಂದ ಮೇಲೆ ಬಾಕಿ ಹಣದ ಗಡುವು ತಪ್ಪಿದರೆ

ಜಮೀನಿನ ಕ್ರಯದ ಕರಾರು ಮಾಡಿಕೊಂಡ ಮಾಲೀಕರು ರಿಜಿಸ್ಟರ್ ಮಾಡಿಕೊಡಲು ಒಪ್ಪದಿದ್ದಾಗ, ಕೋರ್ಟಿಗೆ ವರ್ಷಗಟ್ಟಲೆ ಅಲೆದು ಡಿಕ್ರಿ (ರಿಜಿಸ್ಟರ್ ಮಾಡಿಕೊಡಿ ಎಂಬ ಕೋರ್ಟಿನ ಆದೇಶ) ಪಡೆದ ಖರೀದಿದಾರರು ದಾವಣಗೆರೆ, ಚನ್ನಗಿರಿ, ಹೊಳಲ್ಕೆರೆ ಕಡೆ ಬಹಳ ಮಂದಿ ಇದ್ದಾರೆ. ಅಷ್ಟು ಕಷ್ಟಪಟ್ಟು ಗೆದ್ದ ಮೇಲೆ ಬಾಕಿ ಹಣ ಕಟ್ಟುವ ದಿನವನ್ನೇ ಮರೆತು ಗೆಲುವನ್ನು ಕಳೆದುಕೊಳ್ಳುವವರೂ ಇದ್ದಾರೆ. ಅಡಿಕೆ ಕೊಯ್ಲಿನ ಹಣ ಬರಲಿ, ಎದುರು ಪಾರ್ಟಿ ಅಪೀಲು ಏನಾಗುತ್ತದೋ ನೋಡೋಣ ಎಂದು ಕಾಯುವುದರಿಂದಲೇ ಹೆಚ್ಚಿನ ನಷ್ಟವಾಗುತ್ತಿದೆ.

ಮೊದಲು ದಿನ ಎಣಿಸಿ

ತೀರ್ಪಿನ ಕೊನೆಯ ಪುಟದಲ್ಲಿರುವ ಆದೇಶ ಭಾಗವನ್ನು ನೀವೇ ಓದಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆದೇಶ 20, ನಿಯಮ 12-ಎ ಪ್ರಕಾರ ಹಣ ಕಟ್ಟುವ ಅವಧಿ ಡಿಕ್ರಿಯಲ್ಲೇ ಇರಬೇಕು. ಇಲ್ಲದಿದ್ದರೆ ಅವಧಿ ಗೊತ್ತುಪಡಿಸಿ ಎಂದು ಕೂಡಲೇ ಅರ್ಜಿ ಹಾಕಿಸಿ.

ಎಡವುವುದು ಎಣಿಕೆಯಲ್ಲಿ. ಡಿಕ್ರಿ ಬರೆದು ಸಿದ್ಧವಾಗುವುದು, ದೃಢೀಕೃತ ನಕಲು ಕೈಗೆ ಬರುವುದು ತಡವಾಗಬಹುದು. ಆದರೆ ಡಿಕ್ರಿಗೆ ಬೀಳುವುದು ತೀರ್ಪು ಹೇಳಿದ ದಿನದ ತಾರೀಖೇ. ನಕಲು ಸಿಕ್ಕ ದಿನದಿಂದ ಎಣಿಸಬೇಡಿ. ಮಾರ್ಚ್ 12ಕ್ಕೆ ತೀರ್ಪಾಗಿ 'ಎರಡು ತಿಂಗಳೊಳಗೆ' ಎಂದಿದ್ದರೆ ಮೇ 12 ಕೊನೆಯ ದಿನ. '60 ದಿನದೊಳಗೆ' ಎಂದಿದ್ದರೆ ಮೇ 11. ಅದು ಬೇಸಿಗೆ ರಜೆಯ ಕಾಲ. ಕೋರ್ಟು ತೆರೆದ ದಿನ ಕಟ್ಟಿದರಾಯಿತು ಎಂಬ ವಾದವನ್ನು ನೆಚ್ಚಿಕೊಳ್ಳುವ ಬದಲು ರಜೆಗೆ ಮುಂಚೆಯೇ ಕಟ್ಟಿ ಮುಗಿಸಿ.

ಡಿಕ್ರಿ ಜಾರಿಗೆ 12 ವರ್ಷ ಕಾಲವಿದೆ ಎಂದು ಯಾರಾದರೂ ಧೈರ್ಯ ಹೇಳುತ್ತಾರೆ. ಅದು ಅಮಲ್ಜಾರಿ ಅರ್ಜಿ ಹಾಕುವ ಕಾಲಮಿತಿ. ಹಣ ಕಟ್ಟುವ ಗಡುವಿಗೂ ಅದಕ್ಕೂ ಸಂಬಂಧವಿಲ್ಲ. ಮಾಲೀಕರು ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದೂ ಇಲ್ಲ. ಆದೇಶ 41, ನಿಯಮ 5 ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ತಡೆಯಾಜ್ಞೆ ಬಂದಿದ್ದರೂ ಠೇವಣಿ ಇಟ್ಟುಬಿಡಿ, ಅದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಿ ಎಂದು ಕೋರ್ಟನ್ನು ಕೇಳಿಕೊಳ್ಳಿ. ಬಡ್ಡಿ ಬೆಳೆಯುತ್ತದೆ, ತಪ್ಪಿತಸ್ಥರೆಂಬ ಮಾತೂ ಬರುವುದಿಲ್ಲ.

ಹಣ ಕಟ್ಟುವುದು

ವಕೀಲರ ಮೂಲಕ ಮೆಮೊ ಹಾಕಿ, ಕಚೇರಿಯಿಂದ ಚಲನ್ ಪಡೆದು, ಕಟ್ಟಿ, ರಸೀದಿಯನ್ನು ಫೈಲಿಗೆ ಸೇರಿಸಿ. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಡಿಕ್ರಿ ಕೋರ್ಟಿನಲ್ಲಿ ಕಟ್ಟು ಎಂದಿರುವಾಗ ಮಾಲೀಕರ ಕೈಗೆ ನಗದು ಕೊಟ್ಟು ಬಿಳಿ ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳುವ ಅಡ್ಡದಾರಿ ಬೇಡವೇ ಬೇಡ.

ಗಡುವು ತಪ್ಪಿದ್ದರೆ

ಎಲ್ಲ ಮುಗಿಯಿತು ಎಂದು ಕೈಚೆಲ್ಲಬೇಡಿ. ಏನೂ ಆಗುವುದಿಲ್ಲ ಎಂದು ಸುಮ್ಮನೆ ಕೂರಲೂಬೇಡಿ. ನಿರ್ದಿಷ್ಟ ಪರಿಹಾರ ಅಧಿನಿಯಮ 1963ರ ಕಲಂ 28ರಡಿ ಮಾಲೀಕರು ಅದೇ ದಾವೆಯಲ್ಲಿ ಕರಾರು ರದ್ದುಪಡಿಸಿ ಎಂದು ಕೇಳಬಹುದು. ಅದೇ ಕಲಂ ಕೋರ್ಟಿಗೆ ಕಾಲಾವಕಾಶ ವಿಸ್ತರಿಸುವ ಅಧಿಕಾರವನ್ನೂ ಕೊಟ್ಟಿದೆ. ಗಡುವು ದಾಟಿದ ಮೇಲೂ ಅರ್ಜಿ ಹಾಕಬಹುದು, ಆದರೆ ಕೊಡಲೇಬೇಕೆಂಬ ಹಕ್ಕಿಲ್ಲ. ವರ್ಷಗಟ್ಟಲೆ ಹಣ ಕಟ್ಟದೆ, ಅವಧಿಯನ್ನೂ ಕೇಳದೆ ಇದ್ದವರಿಗೆ ಸುಪ್ರೀಂ ಕೋರ್ಟೇ 1999ರಲ್ಲಿ ನಿರಾಕರಿಸಿದೆ. 'ತಪ್ಪಿದರೆ ದಾವೆ ವಜಾ' ಎಂಬ ಸಾಲು ಡಿಕ್ರಿಯಲ್ಲಿದ್ದರೆ ಪರಿಸ್ಥಿತಿ ಇನ್ನೂ ಬಿಗಿ. ಅಂದೇ ವಕೀಲರನ್ನು ಕಾಣಿ.

ಅರ್ಜಿ ಹಾಕಬೇಕಾದದ್ದು ಡಿಕ್ರಿ ಕೊಟ್ಟ ಕೋರ್ಟಿಗೆ, ಮೂಲ ದಾವೆಯ ನಂಬರಿನಲ್ಲಿ. ಅಮಲ್ಜಾರಿ ಪ್ರಕರಣವೂ ಅದೇ ಕೋರ್ಟಿನಲ್ಲಿದ್ದರೆ ಅಲ್ಲಿ ಹಾಕಿದ್ದನ್ನು ದಾವೆಯ ಅರ್ಜಿಯೆಂದೇ ಪರಿಗಣಿಸಿರುವುದುಂಟು. ಆದರೂ ತಪ್ಪು ಕಡೆ ಹಾಕಿದ್ದೀರಿ ಎಂಬ ತಕರಾರಿಗೆ ಎಡೆ ಏಕೆ ಕೊಡಬೇಕು? ಶೀರ್ಷಿಕೆಯಲ್ಲೇ ದಾವೆ ನಂಬರು ಇರಲಿ.

ಟೈಪಿಂಗ್ ಅಂಗಡಿಗಳ ಸಿದ್ಧ ಮಾದರಿ ಅರ್ಜಿಗಳಲ್ಲಿ ಸಿಪಿಸಿ ಕಲಂ 148 ಒಂದನ್ನೇ ನಮೂದಿಸಿರುತ್ತಾರೆ. ಆ ಕಲಂ ಕಾಲ ವಿಸ್ತರಣೆಗೆ ಒಟ್ಟು 30 ದಿನದ ಮಿತಿ ಹಾಕುತ್ತದೆ. ನಿಮ್ಮ ಅರ್ಜಿಯಲ್ಲಿ ಕಲಂ 28 ಮುಖ್ಯವಾಗಿ ಇರಲೇಬೇಕು.

ಇನ್ನು ಅರ್ಜಿಯ ಜೊತೆಗಿನ ಪ್ರಮಾಣಪತ್ರ (ಅಫಿಡವಿಟ್). ಬಹುತೇಕ ಅರ್ಜಿಗಳು ಬೀಳುವುದು ಇಲ್ಲೇ. 'ಆರ್ಥಿಕ ಮುಗ್ಗಟ್ಟಿನಿಂದ ಕಟ್ಟಲಾಗಲಿಲ್ಲ' ಎಂದು ಒಂದು ಸಾಲು ಬರೆದರೆ ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡಂತೆ. ಹಣ ಕೊಡಲು ಸದಾ ಸಿದ್ಧನಿದ್ದೆ ಎಂದು ಸಾಬೀತು ಮಾಡಿಯೇ ಡಿಕ್ರಿ ಪಡೆದಿರುತ್ತೀರಿ. ಈಗ ಹಣವೇ ಇರಲಿಲ್ಲ ಎಂದರೆ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ತೀರ್ಪಿನ ದಿನ, ಕೊನೆಯ ದಿನ, ಎಷ್ಟು ದಿನ ತಡ, ಆ ಅವಧಿಯಲ್ಲಿ ಹಣ ಯಾವ ಖಾತೆಯಲ್ಲಿತ್ತು ಅಥವಾ ಯಾವ ಸಾಲ ಮಂಜೂರಾಗಬೇಕಿತ್ತು ಎಂಬುದನ್ನು ತಾರೀಖು ಸಮೇತ ಬರೆಸಿ. ಪಾಸ್‌ಬುಕ್ ಪುಟ, ಸಾಲ ಮಂಜೂರಾತಿ ಪತ್ರ ಲಗತ್ತಿಸಿ. ಆಸ್ಪತ್ರೆಯಲ್ಲಿದ್ದದ್ದು ನಿಜವಾದರೆ ಡಿಸ್ಚಾರ್ಜ್ ಸಮ್ಮರಿ ಇರಲಿ. ಪರಿಚಯದ ವೈದ್ಯರಿಂದ ಹಿಂದಿನ ತಾರೀಖಿನ ಸರ್ಟಿಫಿಕೇಟ್ ತಂದರೆ ಅಡ್ಡಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ, ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಅರ್ಜಿಯ ಜೊತೆಗೇ ಪೂರ್ತಿ ಹಣ ಠೇವಣಿ ಇಡಲು ಅನುಮತಿ ಕೇಳಿ. ತಡವಾದ ದಿನಗಳಿಗೆ ಬಡ್ಡಿ ಕೊಡಲು ಸಿದ್ಧ ಎಂಬ ಮಾತನ್ನು ನೀವೇ ಸೇರಿಸಿ. ಅನುಮತಿ ಸಿಕ್ಕರೆ ಕೊಡುತ್ತೇನೆ ಎನ್ನುವವರಿಗಿಂತ ಹಣ ಹಿಡಿದು ಬಂದವರ ಮಾತಿಗೆ ತೂಕ ಹೆಚ್ಚು. ಅರ್ಧ ಹಣ ಈಗ, ಅರ್ಧ ಆಮೇಲೆ ಎಂಬ ಲೆಕ್ಕ ಬೇಡ.

ಮಾಲೀಕರಿಗೂ ಒಂದು ಮಾತು: ಗಡುವು ಮುಗಿಯಿತೆಂದು ಜಮೀನನ್ನು ಬೇರೆಯವರಿಗೆ ಮಾರಲು ಹೋಗಬೇಡಿ. ರದ್ದತಿ ಆದೇಶ ಮೊದಲು ಪಡೆಯಿರಿ. ರದ್ದಾದರೆ ಖರೀದಿದಾರರು ಸ್ವಾಧೀನದಲ್ಲಿದ್ದಲ್ಲಿ ಬಿಟ್ಟುಕೊಡಬೇಕು. ಮುಂಗಡ ವಾಪಸು ಕೊಡಿಸುವುದು ಕೋರ್ಟಿನ ವಿವೇಚನೆ.

ಠೇವಣಿ ಆದ ಮೇಲೆ

ಅಮಲ್ಜಾರಿ ಅರ್ಜಿ ಹಾಕಿ. ಮಾಲೀಕರು ಸಹಿ ಮಾಡದಿದ್ದರೆ ಆದೇಶ 21, ನಿಯಮ 34ರಡಿ ಕ್ರಯಪತ್ರಕ್ಕೆ ಅವರ ಪರವಾಗಿ ಕೋರ್ಟೇ ಸಹಿ ಹಾಕಿಸುತ್ತದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕ್ರಯಕ್ಕಿದ್ದರೆ 11-ಇ ನಕ್ಷೆ (ಆ ಭಾಗವನ್ನು ಅಳೆದು ಸರ್ವೆ ಇಲಾಖೆ ಕೊಡುವ ನಕ್ಷೆ) ಬೇಕಾಗುತ್ತದೆ. ಅದು ತಿಂಗಳು ಹಿಡಿಯಬಹುದು, ಠೇವಣಿಯಾದ ವಾರವೇ ಅರ್ಜಿ ಕೊಡಿ.