ಗೇಟಿನ ಬೆಸುಗೆಗೆ ಸತುವಿನ ರಕ್ಷಣೆ

ಕರಾವಳಿಯ ಉಪ್ಪುಗಾಳಿಯಲ್ಲಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಗೇಟು ಮೊದಲು ತುಕ್ಕು ಹಿಡಿಯುವುದು ಸಾಮಾನ್ಯವಾಗಿ ಬೆಸುಗೆಯ ಸುತ್ತ. ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ 907 ಡಿಗ್ರಿಯಲ್ಲಿ ಆವಿಯಾಗುತ್ತದೆ. ವೆಲ್ಡಿಂಗಿನ ಶಾಖ ಅದಕ್ಕಿಂತ ಎಷ್ಟೋ ಹೆಚ್ಚಾದ್ದರಿಂದ ಅಲ್ಲಿ ಬರಿಯ ಕಬ್ಬಿಣವೇ ಉಳಿಯುತ್ತದೆ.

ಹೊಸದಾಗಿ ಮಾಡಿಸುವವರು ಸತು ಲೇಪಿಸದ ಕಪ್ಪು ಪೈಪಿನಲ್ಲಿಯೇ ವೆಲ್ಡಿಂಗ್ ಮುಗಿಸಿ, ಆಮೇಲೆ ಇಡೀ ಗೇಟನ್ನು ಸುಮಾರು 450 ಡಿಗ್ರಿಯ ಕರಗಿದ ಸತುವಿನಲ್ಲಿ ಅದ್ದಿಸುವುದೇ ಸರಿಯಾದ ಕ್ರಮ. ಆಗ ಪೈಪಿನ ಒಳಮೈಗೂ ಲೇಪನ ಸಿಗುತ್ತದೆ. ಆದರೆ ಎಲ್ಲ ಕಡೆ ಮುಚ್ಚಿದ ಪೈಪಿನೊಳಗೆ ಸಿಕ್ಕಿಬಿದ್ದ ಗಾಳಿ ಮತ್ತು ತೇವ ಆ ಶಾಖಕ್ಕೆ ಹಿಗ್ಗಿ ಸ್ಫೋಟಿಸಬಹುದು. ಆದ್ದರಿಂದ ಗಾಳಿ ಹೊರಹೋಗಲು, ಸತು ಬಸಿಯಲು ರಂಧ್ರಗಳನ್ನು ಮೊದಲೇ ಕೊರೆಸಿರಬೇಕು.

ಈಗಾಗಲೇ ನಿಂತಿರುವ ಗೇಟಿಗೆ ಸತುಭರಿತ ಪ್ರೈಮರ್ ಹಚ್ಚಬಹುದು. ಇದರ ಗುಟ್ಟು ಒಂದೇ: ಸತು ಕಬ್ಬಿಣಕ್ಕಿಂತ ಬೇಗ ಸವೆಯುವ ಲೋಹವಾದ್ದರಿಂದ ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ, ಆದರೆ ಅದರ ಕಣಗಳು ಒಂದಕ್ಕೊಂದು ತಾಗಿಕೊಂಡು, ಕೆಳಗಿನ ಬರಿಯ ಕಬ್ಬಿಣಕ್ಕೂ ನೇರವಾಗಿ ತಾಗಿದ್ದರೆ ಮಾತ್ರ. ರೆಡ್ ಆಕ್ಸೈಡ್ ಎಂಬ ಕೆಂಪು ಪ್ರೈಮರ್ ಬಳಿದು ಅದರ ಮೇಲೆ ಸತುವಿನ ಪ್ರೈಮರ್ ಹಚ್ಚುವ ಅಭ್ಯಾಸ ನಮ್ಮಲ್ಲಿ ಕಾಣಸಿಗುತ್ತದೆ. ಹಾಗೆ ಮಾಡಿದರೆ ಸತುವಿಗೆ ಕಬ್ಬಿಣದ ಸಂಪರ್ಕವೇ ತಪ್ಪಿ, ಕೊಟ್ಟ ಹಣ ವ್ಯರ್ಥವಾಗುತ್ತದೆ.

ಆದ್ದರಿಂದ ಅರ್ಧ ಶ್ರಮ ಶುಚಿಗೊಳಿಸುವುದಕ್ಕೇ ಮೀಸಲಿರಲಿ. ಮೊದಲು ಸಿಹಿನೀರಿನಿಂದ ಉಪ್ಪನ್ನು ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆಯ ಜಿಡ್ಡನ್ನು ಥಿನ್ನರ್ ಬಟ್ಟೆಯಿಂದ ಒರೆಸಬೇಕು. ನಂತರ ಬೆಸುಗೆಯ ಕಿಟ್ಟವನ್ನು ಕುಟ್ಟಿ ತೆಗೆದು, ಗ್ರೈಂಡರಿನಿಂದ ಲೋಹ ಹೊಳೆಯುವವರೆಗೆ ಉಜ್ಜಬೇಕು. ವೈರ್ ಬ್ರಷ್ ಒಂದರಿಂದಲೇ ಗುಳಿಗಳೊಳಗಿನ ತುಕ್ಕು ಹೋಗುವುದಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲೇಬೇಕು.

ಉಜ್ಜಿದ ಜಾಗವನ್ನು ಇಬ್ಬನಿಗೆ ಬಿಡದೆ ಅದೇ ದಿನ ಪ್ರೈಮರ್ ಹಚ್ಚಿರಿ. ಸತುವಿನ ಪುಡಿ ಭಾರವಾದ್ದರಿಂದ ಡಬ್ಬಿಯ ತಳದಲ್ಲಿ ಕೂರುತ್ತದೆ. ತಳದಲ್ಲಿ ಗಟ್ಟಿ ಉಳಿಯದಷ್ಟು ಕಲಕಿ, ಹಚ್ಚುವಾಗಲೂ ಆಗಾಗ ಕಲಕುತ್ತಿರಬೇಕು. ಸುತ್ತಲಿನ ಗಟ್ಟಿ ಸತುವಿನ ಮೇಲೂ ಸ್ವಲ್ಪ ಬರುವಂತೆ, ಒಣಗಿದ ಮೇಲೆ ಒಟ್ಟು ಸುಮಾರು 100 ಮೈಕ್ರಾನ್ (0.1 ಮಿಲಿಮೀಟರ್) ದಪ್ಪ ನಿಲ್ಲುವಂತೆ ಎರಡು ಅಥವಾ ಮೂರು ಕೈ ಹಚ್ಚಿರಿ.

ಬಣ್ಣ ಬೇಕಿದ್ದರೆ ಎಣ್ಣೆಯ ಎನಾಮಲ್ ಅನ್ನು ಸತುವಿನ ಮೇಲೆ ನೇರವಾಗಿ ಬಳಿಯಬಾರದು. ಎಣ್ಣೆ ಮತ್ತು ಸತು ಸೇರಿ ಸಾಬೂನಿನಂಥ ಪದರವಾಗಿ, ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ನಡುವೆ ಎಪಾಕ್ಸಿ ಪ್ರೈಮರಿನ ಒಂದು ಕೈ ಇರಬೇಕು.