‘ಎಣ್ಣಿ ಹೊಡೀತೀರೇನು’ ಎಂದು ಕೇಳಲು ಕಲಿತದ್ದು

ಪುಣೆಯಲ್ಲಿ ಮಕ್ಕಳ ವೈದ್ಯನಾಗಿರುವ ನಾನು ತಿಂಗಳಿಗೆ ಎರಡು ಶನಿವಾರ ಜುನ್ನರ ತಾಲೂಕಿನ ನಾರಾಯಣಗಾವ್ ಕಡೆಯ ಒಂದು ಸಣ್ಣ ದವಾಖಾನೆಗೆ ಹೋಗುತ್ತೇನೆ. ಅಲ್ಲಿನ ದ್ರಾಕ್ಷಿ ತೋಟಗಳಿಗೆ, ಟೊಮೆಟೊ ಹೊಲಗಳಿಗೆ ವಿಜಯಪುರ, ಕಲಬುರಗಿ ಕಡೆಯ ಕುಟುಂಬಗಳು ದುಡಿಯಲು ಬರುವುದರಿಂದ ನನ್ನ ಅರ್ಧ ಮಾತುಕತೆ ಕನ್ನಡದಲ್ಲೇ ನಡೆಯುತ್ತದೆ.

ಮೊದಲ ವರ್ಷವಿಡೀ ಮಕ್ಕಳ ಕಡತದಲ್ಲಿ ‘ಕೀಟನಾಶಕದ ಸಂಪರ್ಕ’ ಎಂಬಲ್ಲಿ ‘ಇಲ್ಲ’ ಎಂದೇ ಬರೆದಿದ್ದೆ. ಕೇಳದೆ ಬರೆದದ್ದಲ್ಲ, ಕೇಳಿದ ಪದವೇ ತಪ್ಪಾಗಿತ್ತು. ಕೀಟನಾಶಕ ಎಂದರೆ ತಾಯಂದಿರು ಇಲ್ಲವೆನ್ನುತ್ತಿದ್ದರು; ಔಷಧ ಎಂದರೆ ಜ್ವರಕ್ಕೆ ನುಂಗಿಸಿದ ಗುಳಿಗೆಯ ಲೆಕ್ಕ ಕೊಡುತ್ತಿದ್ದರು.

ಇಂಡಿ ಕಡೆಯ ಒಬ್ಬ ತಾಯಿ 14 ದಾಟಿದ ಮಗನನ್ನು ‘ಬೆಳವಣಿಗೆ ಇಲ್ರಿ’ ಎಂದು ಕರೆತಂದಾಗ ಇದು ಬದಲಾಯಿತು. ಹುಡುಗನ ವೃಷಣವನ್ನು ಅಳತೆಯ ಮಣಿಸರಕ್ಕೆ ಹೋಲಿಸಿದಾಗ 3 ಮಿಲಿಲೀಟರಿನ ಮಣಿಗೆ ಸರಿಹೊಂದಿತು. ಪ್ರಾಯದ ಆರಂಭವೆಂದು ನಾವು ಎಣಿಸುವುದು 4ರಿಂದ. ಶರಟಿನ ತೋಳಿನ ಮಡಿಕೆಯಲ್ಲಿ ಹಳದಿ ಪುಡಿ ಕೂತಿತ್ತು. ಇದೇನೆಂದು ಕೇಳಿದೆ. ‘ಎಣ್ಣಿ ಹೊಡಿಯೂದು ಅದರಿ ಡಾಕ್ಟರ್ರ, ಅವರಪ್ಪನ ಹಿಂದ ಇಂವಾ ಪೈಪ್ ಎಳಿತಾನ್ರಿ’ ಎಂದು ಆಕೆ ಸಹಜವಾಗಿ ಹೇಳಿದರು. ಬೆಳೆಗೆ ಸಿಂಪಡಿಸುವ ವಿಷಕ್ಕೆ ಅವರ ಮಾತಿನಲ್ಲಿ ಎಣ್ಣಿ ಎಂದೇ ಹೆಸರು. ಕಡತ ತುಂಬ ‘ಇಲ್ಲ’ ಎಂದು ಬರೆದ ನನಗೆ ಆ ಕ್ಷಣ ತೀರಾ ಸಂಕಟವಾಯಿತು.

ಆ ಪುಡಿ ದ್ರಾಕ್ಷಿ ಎಲೆಗೆ ಬೂಜು ಹಿಡಿಸುವ ಡೌನಿ ರೋಗಕ್ಕೆ ಸಿಂಪಡಿಸುವ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ. ಅದು ಒಡೆದಾಗ ಎಥಿಲೀನ್ ಥಯೋಯೂರಿಯಾ ಎಂಬ ರಾಸಾಯನಿಕ ಉಂಟಾಗುತ್ತದೆ. ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸಲು ಬೇಕಾದ ಪೆರಾಕ್ಸಿಡೇಸ್ ಕಿಣ್ವವನ್ನು ಅದು ತಡೆಯುತ್ತದೆ. 2020ರಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸಲು ಹೊರಡಿಸಿದ ಕರಡು ಆದೇಶದಲ್ಲಿ ಮ್ಯಾಂಕೋಜೆಬ್ ಹೆಸರೂ ಇತ್ತು. ಪ್ರಾಯದ ವಿಷಯಕ್ಕೆ ನಮ್ಮ ನೆಲದ್ದೇ ನಿದರ್ಶನವಿದೆ. ಕಾಸರಗೋಡಿನ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಮೇಲೆ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಅಲ್ಲಿನ 117 ಹುಡುಗರನ್ನು ಬೇರೆ ಊರಿನ 90 ಹುಡುಗರೊಂದಿಗೆ ಹೋಲಿಸಿ, 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರಾಯ ತಡವಾಗುವುದನ್ನೂ ಟೆಸ್ಟೋಸ್ಟೆರಾನ್ ಉತ್ಪತ್ತಿಗೆ ಅಡ್ಡಿಯಾಗುವುದನ್ನೂ ಸೂಚಿಸಿದರು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಡೆಯಿತು.

ಹಾಗೆಂದು ಈ ಹುಡುಗನ ತೊಂದರೆಗೆ ಎಣ್ಣಿಯೇ ಕಾರಣವೆಂದು ನಾನು ಬರೆಯಲಿಲ್ಲ. ತಡವಾದ ಪ್ರಾಯಕ್ಕೆ ವಂಶದ ಗುಣ ಮತ್ತು ಅರೆಹೊಟ್ಟೆ ಹೆಚ್ಚು ಸಾಮಾನ್ಯ ಕಾರಣಗಳು. ಅವನ ತಂದೆಗೂ ಮೀಸೆ ತಡವಾಗಿಯೇ ಬಂದಿತ್ತಂತೆ. ಮೂಳೆ ಎಷ್ಟು ಬಲಿತಿದೆಯೆಂದು ತಿಳಿಯಲು ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ, ಥೈರಾಯ್ಡ್ ಕೆಲಸ ತೋರಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಮನೆಯಲ್ಲಿ ಅಯೋಡಿನ್ ಉಪ್ಪು ಬಳಸುತ್ತಾರೆಯೇ ಎಂದೂ ವಿಚಾರಿಸಿದೆ. ಟಿಎಸ್‌ಎಚ್ ಮಿತಿಗಿಂತ ತುಸು ಮೇಲಿದ್ದುದರಿಂದ ಮಾತ್ರೆ ಕೊಡದೆ, ಪೈಪು ಬಿಡಿಸಿ, ಮೂರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದೆ. ಅಂಕಿ ಮಿತಿಯೊಳಗೆ ಬಂದಿತ್ತು. ಇಷ್ಟರಿಂದ ಕಾರಣ ಸಿದ್ಧವಾಗುವುದಿಲ್ಲ, ಆದರೆ ಮಗುವನ್ನು ವಿಷದಿಂದ ದೂರವಿಡಲು ಸಿದ್ಧಾಂತ ಪೂರ್ಣವಾಗುವವರೆಗೆ ಕಾಯಬೇಕೆಂದು ನಾನು ಒಪ್ಪುವುದಿಲ್ಲ.

ಈಗ ಎಲ್ಲ ತಾಯಂದಿರನ್ನೂ ಕೇಳುತ್ತೇನೆ: ಎಣ್ಣಿ ಹೊಡೆಯುವವರು ಯಾರು, ಕಲಸುವವರು ಯಾರು, ಆ ಅರಿವೆ ಯಾರು ಒಗೆಯುತ್ತಾರೆ, ಕೂಸಿನ ಅರಿವೆಯೊಂದಿಗೇ ಒಗೆಯುತ್ತಾರೆಯೇ, ಖಾಲಿ ಡಬ್ಬಿಯಲ್ಲಿ ಏನು ತುಂಬಿಡುತ್ತಾರೆ. ಕೊನೆಯ ಪ್ರಶ್ನೆಗೆ ‘ನೀರ್ರಿ’ ಎಂಬ ಉತ್ತರ ಇಂದಿಗೂ ಬರುತ್ತದೆ.

ಸಲಹೆ ಕೊಡುವುದು ಸುಲಭ, ಪಾಲಿಸುವ ಜಾಗ ಅವರಿಗಿಲ್ಲ. ಆ ಹುಡುಗನ ಮನೆ ಒಂದೇ ಕೋಣೆಯ ತಗಡಿನ ಶೆಡ್ಡು. ಮಾಲೀಕರ ಎಣ್ಣಿ ಡಬ್ಬಿಗಳೆಲ್ಲ ಈ ಕುಟುಂಬದ ಮಂಚದ ಕೆಳಗೇ ಇದ್ದವು. ಅಕ್ಟೋಬರ್ ಚಾಟ್ನಿಗೆ, ಅಂದರೆ ದ್ರಾಕ್ಷಿ ಬಳ್ಳಿ ಸವರುವುದಕ್ಕೆ ಮುನ್ನ ನಾನೇ ತೋಟಕ್ಕೆ ಹೋಗಿ ಮಾಲೀಕರನ್ನು ಕಂಡೆ. ಅವರು ಎರಡು ದಿನ ಯೋಚಿಸಿ, ಪಂಪಿನ ಕೋಣೆಗೆ ಬೀಗ ಹಾಕಿಸಿ ಡಬ್ಬಿಗಳನ್ನು ಅಲ್ಲಿಗೆ ಸಾಗಿಸಿದರು.